ಹತ್ತು ಸೆಕೆಂಡಿನ ಲೈನ್ ಕ್ಲಿಯರ್

ಚಿಕ್ಕಜಾಜೂರಿನ ನಮ್ಮ ಸಾಹೇಬರಿಗೆ ಜಿಮೇಲ್ ಅಂದರೆ ಆಗದು. ‘ನಮ್ಮನೆ ಕಾಗದ ಅಮೆರಿಕದ ಗೋಡೌನಲ್ಲಿ ಯಾಕೆ ಬಿದ್ದಿರಬೇಕ್ರೀ?’ ಎನ್ನುತ್ತಾರೆ. ಅದಕ್ಕೇ ಮನೆಯಲ್ಲೇ ಮೇಲ್ ಸರ್ವರ್ ಇಟ್ಟಿದ್ದಾರೆ. ದೇವರಮನೆ ಪಕ್ಕದ ಗೂಡಿನಲ್ಲಿ, ಹಿಂದೆ ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದ ಜಾಗದಲ್ಲಿ, ಎಟಿಎಂ ಕಾರ್ಡಿನಷ್ಟಗಲದ ರಾಸ್ಪ್‌ಬೆರಿ ಪೈ ಕೂತು ಹಸಿರು ದೀಪ ಮಿಟುಕಿಸುತ್ತದೆ. ಅದಕ್ಕೆ ಪ್ರತ್ಯೇಕ ಬ್ಯಾಟರಿ. ಕರೆಂಟು ಹೋದರೆ ಫ್ಯಾನು ನಿಲ್ಲಬಹುದು, ಮಿಕ್ಸಿ ನಿಲ್ಲಬಹುದು, ಅದು ಮಾತ್ರ ನಿಲ್ಲಕೂಡದು. ಅದರಲ್ಲಿ ಖಾತೆ ಇರುವುದು ಇಬ್ಬರಿಗೆ: ಸಾಹೇಬರಿಗೆ, ಅವರ ಮನೆಯವರಿಗೆ.

ಈ ಜಾತಿಯವರನ್ನು ನೀವೂ ನೋಡಿರುತ್ತೀರಿ. ಬೋರ್‌ವೆಲ್ ಸ್ಟಾರ್ಟರನ್ನು ಮೆಕ್ಯಾನಿಕ್ಕಿಗೆ ಮುಟ್ಟಗೊಡದವರು. ಗ್ಯಾಸ್ ಸ್ಟವ್ ಬಿಚ್ಚಿ ಜೋಡಿಸಿದ ಮೇಲೆ ಕೈಯಲ್ಲುಳಿದ ಸ್ಕ್ರೂ ತೋರಿಸಿ ‘ಇದನ್ನ ಕಂಪನಿಯವ್ರು ಸುಮ್ನೆ ಹಾಕಿರ್ತಾರೆ’ ಎನ್ನುವವರು. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗದ ಕಡೆ ಕವಲೊಡೆಯುವ ಈ ಜಂಕ್ಷನ್ನಿನಲ್ಲಿ ಅವರ ಸಂಖ್ಯೆ ತುಸು ಜಾಸ್ತಿ ಎಂದು ನನ್ನ ಗುಮಾನಿ. ಸಾಹೇಬರು ನಿವೃತ್ತ ಸ್ಟೇಷನ್ ಮಾಸ್ತರರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಮೇಲ್ ರವಾನೆಯ ನಿಯಮಾವಳಿಯನ್ನು ಪ್ರಿಂಟ್ ತೆಗೆಸಿ, ರೈಲ್ವೆಯ ಜನರಲ್ ರೂಲ್ಸ್ ಜೊತೆ ಒಂದೇ ಬೈಂಡಿನಲ್ಲಿ ಹೊಲಿಸಿಟ್ಟಿದ್ದಾರೆ. ಆ ಸರ್ವರ್ ನಡೆಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಬರೆದ ವೀಟ್ಸೆ ವೆನೆಮಾ ಸಾಹೇಬರ ಬಾಯಲ್ಲಿ ‘ನಮ್ಮ ವೆನೆಮಾ’. ಬೀರೂರಿನಲ್ಲಿ ಜೊತೆಗೆ ನೈಟ್ ಡ್ಯೂಟಿ ಮಾಡಿದವರೇನೋ ಅನ್ನಬೇಕು.

ಇಂಟರ್ನೆಟ್ ಕಂಪನಿ ಬದಲಾಯಿಸಿದ ವಾರದಲ್ಲಿ ಸರ್ವರ್ ಮುಗ್ಗರಿಸಿತು. ಅಡುಗೆಮನೆಯಿಂದ ಅಮ್ಮನವರು ‘ಊಟಕ್ಕೆ ಬನ್ನಿ’ ಎಂದು ಮೇಲ್ ಹಾಕುವುದು ಆ ಮನೆಯ ಪದ್ಧತಿ. ಕೂಗಿದರೆ ಸಾಹೇಬರಿಗೆ ಕೇಳಿಸದು, ಮೇಲ್ ಬಂದರೆ ಕೇಳಿಸುತ್ತದೆ. ಈಗ ‘ಕಳಿಸು’ ಒತ್ತಿದರೆ ಚಕ್ರ ಸುತ್ತುತ್ತಾ ನಿಂತುಬಿಡುತ್ತಿತ್ತು. ಹತ್ತು ಸೆಕೆಂಡು. ‘ರೀ, ನಿಮ್ಮ ಡಬ್ಬಿಗೆ ಏನಾಗಿದೆ? ಸಾರು ಆರೋಗ್ತದೆ.’

ಸಾಹೇಬರು ಅನುಮಾನಿಸದ ವಸ್ತು ಉಳಿಯಲಿಲ್ಲ. ವೈರನ್ನು ಇಲಿ ಕಡಿದಿದೆ ಎಂದು ಹೊಸ ವೈರು ಎಳೆಸಿದರು. ಪಕ್ಕದ ಮನೆಯಲ್ಲಿ ಅಡಿಕೆ ಬೇಯಿಸುವ ಹೊಗೆ ಕಂಡು ರೂಟರಿಗೆ ಬಟ್ಟೆ ಹೊದಿಸಿದರು. ಅದು ಕಾದು ಬಿಸಿಯಾದಾಗ ಬಟ್ಟೆ ತೆಗೆದು ಟೇಬಲ್ ಫ್ಯಾನು ತಿರುಗಿಸಿದರು. ಪಿಂಗ್ ಮಾಡಿದರೆ ಒಂದೇ ಮಿಲಿಸೆಕೆಂಡಿಗೆ ಉತ್ತರ! ಇದರಿಂದ ಅವರ ಸಿಟ್ಟು ಇನ್ನೂ ಏರಿತು. ಕೊನೆಗೆ ಹೊಳಲ್ಕೆರೆಯ ಬಯಲು ಗಣಪತಿಗೆ ಕಾಯಿ ಒಡೆಸಿ ಬಂದರು. 1475ರಿಂದ ಮೇಲೊಂದು ಸೂರಿಲ್ಲದೆ ಕೂತಿರುವ ದೇವರಿಗೆ ಹತ್ತು ಸೆಕೆಂಡು ಯಾವ ಲೆಕ್ಕ ಎಂದು ಅಮ್ಮನವರು ಕೇಳಿದ್ದು ನ್ಯಾಯವೇ.

ದಾವಣಗೆರೆಗೆ ರೈಲಿನಲ್ಲಿ ಓಡಾಡಿ ಇಂಜಿನಿಯರಿಂಗ್ ಓದುವ ಎದುರುಮನೆ ಹುಡುಗಿ ಅರಿಶಿನ-ಕುಂಕುಮಕ್ಕೆ ಬಂದವಳು ಕೇಳಿದಳು: ‘ತಾತ, ಪ್ರತಿ ಸಲ ಹತ್ತೇ ಸೆಕೆಂಡಾ? ಒಂದ್ಸಲ ಮೂರು, ಒಂದ್ಸಲ ಹದಿನೈದು, ಹಂಗೇನಿಲ್ವಾ?’

‘ಹತ್ತೇ ಕಣಮ್ಮ. ಗಡಿಯಾರ ಹಿಡ್ಕೊಂಡು ನೋಡಿದೀನಿ.’

‘ಹಂಗಾದ್ರೆ ಲೈನ್ ಸ್ಲೋ ಅಲ್ಲ ತಾತ. ನಿಮ್ ಸರ್ವರ್ ಯಾರಿಗೋ ಕಾಯ್ತಾ ಇದೆ.’

ಅವಳು 25ನೇ ಪೋರ್ಟಿಗೆ ಟೆಲ್‌ನೆಟ್ ಹಾಕಿದಳು. ಸಂಪರ್ಕ ತಕ್ಷಣ ಸಿಕ್ಕಿತು. ಸರ್ವರು ತನ್ನ ‘220’ ಎಂಬ ನಮಸ್ಕಾರ ಹೇಳಲು ಮಾತ್ರ ಹತ್ತು ಸೆಕೆಂಡು ತೆಗೆದುಕೊಂಡಿತು. ಸಂಗತಿ ಇಷ್ಟೆ. ಬಂದವರ ಐಪಿ ಸಂಖ್ಯೆ ಹಿಡಿದು ‘ಇದರ ಹೆಸರೇನು’ ಎಂದು ಪೋಸ್ಟ್‌ಫಿಕ್ಸ್ ಮೊದಲು ಇಂಟರ್ನೆಟ್ಟಿನ ಹೆಸರು-ವಿಳಾಸಗಳ ದಫ್ತರವಾದ ಡಿಎನ್‌ಎಸ್ಸನ್ನು ವಿಚಾರಿಸುತ್ತದೆ. ಉತ್ತರ ಬರುವವರೆಗೆ ಮಾತಿಲ್ಲ. ಯಾವ ಡಿಎನ್‌ಎಸ್ಸನ್ನು ಕೇಳಬೇಕು ಎಂಬ ಫೈಲಿನಲ್ಲಿ ಮೂರು ವಿಳಾಸಗಳಿದ್ದವು. ಮೊದಲೆರಡು ಹಳೆಯ ಕಂಪನಿಯವು, ಈಗ ಉತ್ತರಿಸದಂಥವು. ಒಂದೊಂದಕ್ಕೆ ಐದೈದು ಸೆಕೆಂಡು ಕಾದು, ಮೂರನೆಯದನ್ನು ಕೇಳಿದ ಕೂಡಲೇ ‘ಹೆಸರಿಲ್ಲ’ ಎಂಬ ಉತ್ತರ ಪಡೆದು ಮುಂದಕ್ಕೆ ಹೋಗುತ್ತಿತ್ತು.

ಸೇವೆಯುದ್ದಕ್ಕೂ ರೈಲು ಬಿಡುವ ಮೊದಲು ಮುಂದಿನ ಸ್ಟೇಷನ್ನಿಗೆ ಫೋನು ತಿರುಗಿಸಿ ಲೈನ್ ಕ್ಲಿಯರ್ ಕೇಳಿದ ಮನುಷ್ಯನ ಮನೆಯಲ್ಲಿ, ಮುಚ್ಚಿಹೋದ ಎರಡು ಸ್ಟೇಷನ್ನುಗಳಿಂದ ಲೈನ್ ಕ್ಲಿಯರ್ ಬರಲೆಂದು ಮೇಲು ನಿಂತಿತ್ತು! ಹುಡುಗಿ ಎರಡು ಸಾಲು ಅಳಿಸಿದಳು. ಮನೆಯ ಫೋನು, ಕಂಪ್ಯೂಟರುಗಳ ಹೆಸರುಗಳನ್ನು ಹೋಸ್ಟ್ಸ್ ಫೈಲಿಗೆ ಬರೆದಳು. ‘ಊಟಕ್ಕೆ ಬನ್ನಿ’ ರೆಪ್ಪೆ ಮಿಟುಕಿಸುವುದರೊಳಗೆ ಬಂತು. ‘ನಾನೂ ಅದನ್ನೇ ಅಂದ್ಕೊಂಡಿದ್ದೆ’ ಎಂದರು ಸಾಹೇಬರು. ಈ ಜಾತಿಯವರು ಹಾಗನ್ನದೆ ಇದ್ದರೆ ನಾವು ಗಾಬರಿಯಾಗಬೇಕು.

ಆ ಖುಷಿಯಲ್ಲೇ ಬೆಂಗಳೂರಿನ ಮಗನಿಗೊಂದು ಮೇಲ್ ಬರೆದರು. ಅದು ವಾಪಸು ಬಂತು. 2024ರ ಫೆಬ್ರವರಿಯಿಂದ ಜಿಮೇಲಿನ ಕಟ್ಟುನಿಟ್ಟು ಹೆಚ್ಚಾಗಿದೆ. ಕಳಿಸುವ ಸರ್ವರಿನ ಐಪಿಗೆ ಸರಿಯಾದ ಹೆಸರು ದಾಖಲಾಗಿರಲೇಬೇಕು. ಹಳೆಯ ಕಂಪನಿ ಅದನ್ನು ಮಾಡಿಕೊಟ್ಟಿತ್ತು, ಹೊಸದು ಮಾಡಿರಲಿಲ್ಲ. ನಿನ್ನೆಯವರೆಗೆ ಸಾಹೇಬರ ಡಬ್ಬಿ ಹೆಂಡತಿಯ ಫೋನನ್ನು ‘ನೀನ್ಯಾರು?’ ಎಂದು ತಡೆಯುತ್ತಿತ್ತು. ಈಗ ಗೂಗಲ್ಲು ಸಾಹೇಬರ ಡಬ್ಬಿಯನ್ನು ತಡೆಯಿತು.

‘ನನ್ನನ್ನೇ ಯಾರು ಅಂತ ಕೇಳ್ತಾನಾ ಅವನು?’

ಮಾರನೇ ದಿನ ಇಸ್ತ್ರಿ ಅಂಗಿ ತೊಟ್ಟು, ಎರಡು ಪುಟದ ಅರ್ಜಿ ಹಿಡಿದು ಕಂಪನಿಯ ಆಫೀಸಿಗೆ ಹೋದರು. ಕೌಂಟರಿನ ಹುಡುಗ ಅರ್ಜಿಯನ್ನು ತಿರುಗಿಸಿಯೂ ನೋಡಲಿಲ್ಲ.

‘ಪೇಪರ್ ತಗಳಲ್ಲ ಸಾರ್, ಮೇಲ್ ಮಾಡ್ಬೇಕು. ನಿಮ್ ಐಡಿ ಹೇಳಿ.’

ಸಾಹೇಬರು ತಮ್ಮ ಸ್ವಂತ ಡೊಮೈನಿನ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಹುಡುಗ ಟೈಪು ಮಾಡಿ, ತಲೆ ಕೆರೆದುಕೊಂಡ.

‘ಇದು ತಗಳ್ತಿಲ್ಲ ಸಾರ್. ಜಿಮೇಲ್ ಇಲ್ವಾ?’

ಹಿಂದೆ ಹದಿನೈದು ಜನರ ಸರದಿ. ಸಾಹೇಬರು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ಹೆಂಡತಿಯ ಜಿಮೇಲ್ ಬರೆಸಿದರು.