ಗೆರೆ ಎಳೆದ ಮಹನೀಯರಿಗೆ ವಡ್ಡೆಪಲ್ಲಿಯಿಂದ ಒಂದು ಕೃತಜ್ಞತಾ ಪತ್ರ

1956ರಲ್ಲಿ ರಾಜ್ಯಗಳ ಗೆರೆ ಎಳೆದ ಮಹನೀಯರೇ, ಆ ಗೆರೆಯನ್ನು ಇಂದಿಗೂ ಕಾಯುತ್ತಿರುವ ಎರಡೂ ಕಡೆಯ ದೊಡ್ಡವರೇ,



ಪರದೇಶಕ್ಕೆ ಹೋಗಬೇಕೆಂದರೆ ಮಂದಿ ಪಾಸ್‌ಪೋರ್ಟು, ವೀಸಾ ಎಂದು ಹೊಲ ಮಾರಿಕೊಳ್ಳುತ್ತಾರೆ. ನಮಗೆ ನೀವು ಆ ತೊಂದರೆ ಕೊಡಲಿಲ್ಲ. ನಮ್ಮ ಗದ್ವಾಲ, ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಇವೆರಡನ್ನು ಬಿಟ್ಟು ಜಿಲ್ಲೆ ಮೈಸೂರಿಗೆ ಹೋಯಿತು. ನಮ್ಮ ಹಿರಿಯರು ಕಟ್ಟೆಯ ಮೇಲೆ ಕೂತಲ್ಲೇ ಆಂಧ್ರಪ್ರದೇಶದವರಾದರು. 2014ರಲ್ಲಿ ಅದೇ ಕಟ್ಟೆಯ ಮೇಲೆ ಕೂತು ನಾವು ತೆಲಂಗಾಣದವರಾದೆವು. ಇಷ್ಟು ರಾಜ್ಯ ಸುತ್ತಿದರೂ ಒಂದು ಟಿಕೆಟ್ ಹರಿಸಲಿಲ್ಲ.

ಉಳಿದದ್ದು ಒಂದೇ ತಕರಾರು. ನಾವು ಇತ್ತ ಬಂದರೂ ಸಂತೆ, ದವಾಖಾನೆ, ಬೀಗರು ರಾಯಚೂರಲ್ಲೇ ಉಳಿದರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ರಾಯಚೂರೂ ನಾವೂ ಆ ಎರಡು ಹೊಳೆಗಳ ನಡುವಿನ ಅದೇ ದೋಆಬಿನೊಳಗೆ. ಕೃಷ್ಣೆಯಾಚೆಯ ಮಕ್ತಲದವರಿಗಾದರೂ ರಾಯಚೂರಿಗೆ ಬರಲು ಸೇತುವೆ ದಾಟಿದ ಗತ್ತು ಇದೆ. ನಮಗೆ ನಡುವೆ ಹೊಳೆ ಇಲ್ಲ, ರಾಜ್ಯದ ಗಡಿಯ ಬೋರ್ಡು ಇದೆ.

ಆ ಬೋರ್ಡು ದಾಟಿಸುವ ಬಸ್ಸೇ ನಮ್ಮ ಗುರುಕುಲ. ನಮ್ಮ ಶಾಂತಿನಗರದಲ್ಲಿ ಬಸ್ಸಿಗೆ ನಿಂತು ಹೊಸಬರು, "ಎಷ್ಟೊತ್ತಿಗೆ ಬರ್ತದ?" ಎನ್ನುತ್ತಾರೆ. "ಬರ್ತದ, ಕೂಡ್ರಿ" ಎನ್ನುತ್ತಾರೆ ಹಳಬರು. ಮೊದಲ ವರ್ಷ ಗಡಿಯಾರ ನೋಡುವ ಚಟ ಹೋಗುತ್ತದೆ, ಎರಡನೆಯ ವರ್ಷ ಸಿಟ್ಟು. ಆಮೇಲೆ ಮೆಣಸಿನಕಾಯಿ ಚೀಲ ಮೇಲೇರುವವರೆಗೆ, ದಾರಿಯ ಐಜದಲ್ಲಿ ಡ್ರೈವರ್ ಸಾಹೇಬರ ಚಹಾ ಮುಗಿಯುವವರೆಗೆ, ಹಿಂದಿನ ಸೀಟಿನವರ ಮೂರು ತಲೆಮಾರಿನ ಆಸ್ತಿ ವ್ಯಾಜ್ಯ ಇತ್ಯರ್ಥವಾಗುವವರೆಗೆ ಕೂಡುವ ಶಕ್ತಿ ತಾನಾಗಿ ಬರುತ್ತದೆ. ಅವಸರವಿದ್ದವರಿಗೆ ರೈಲೂ ಇದೆ: 2013ರಲ್ಲಿ ಗದ್ವಾಲ–ರಾಯಚೂರು ಮಾರ್ಗ ಶುರುವಾಯಿತು. ಅದನ್ನು ಹಿಡಿಯಲು ಗದ್ವಾಲಕ್ಕೆ ಬಸ್ಸಿನಲ್ಲಿ ಹೋದರಾಯಿತು!

ನಮ್ಮ ಅವ್ವಂದಿರಿಗೆ ಪಾಠ ಇನ್ನೂ ಗಹನ. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣವೆಂದು 2023ರ ಜೂನಿನಲ್ಲಿ ಕರ್ನಾಟಕ 'ಶಕ್ತಿ' ತಂದಿತು, ಡಿಸೆಂಬರಿನಲ್ಲಿ ತೆಲಂಗಾಣ 'ಮಹಾಲಕ್ಷ್ಮಿ' ತಂದಿತು. ಎರಡು ದೇವತೆಗಳ ನಡುವಿನ ಹೆಣ್ಣುಮಗಳು ಧನ್ಯಳೆಂದುಕೊಂಡೆವು. ಬೋರ್ಡಿನ ಹತ್ತಿರ ಮಹಾಲಕ್ಷ್ಮಿ ಇಳಿದುಬಿಡುತ್ತಾಳೆ. ಆಧಾರ್ ಕಾರ್ಡು ತೆಲಂಗಾಣದ್ದಾದ್ದರಿಂದ ಶಕ್ತಿ ಹತ್ತುವುದೇ ಇಲ್ಲ. ಉಳಿದ ದಾರಿಗೆ ಸೆರಗಿನ ಗಂಟು ಬಿಚ್ಚಬೇಕು.

ತಾಳ್ಮೆಯಲ್ಲಿ ನಮ್ಮನ್ನು ಮೀರಿಸುವುದು ನೀರೊಂದೇ. ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ಹೊರಡುವ ಕಾಲುವೆ 143 ಕಿಲೋಮೀಟರ್ ಹರಿದು ನಮ್ಮ ಕಡೆಯ 87,500 ಎಕರೆ ತೋಯಿಸಬೇಕೆಂಬುದು ಲೆಕ್ಕ. ಕೊನೆಯ ಹೊಲದ ರೈತ ಕಾಲುವೆಯನ್ನು ನೋಡುವುದೂ ನಾವು ರಸ್ತೆಯನ್ನು ನೋಡುವ ಹಾಗೆಯೇ.

ಗೆರೆ ಅಳಿಸಿ ಎಂದು ನಾವು ಕೇಳುವುದಿಲ್ಲ. ಅದಕ್ಕೆ ಸಮಿತಿ ಬೇಕು. ಸಮಿತಿ ನಮ್ಮ ಬಸ್ಸಿನಲ್ಲೇ ಬರಬೇಕು. ಬಂದು ಮುಟ್ಟುವುದರೊಳಗೆ ಅದರ ಅವಧಿ ಮುಗಿದಿರುತ್ತದೆ. ಕೇಳುವುದು ಎರಡೇ. ದವಾಖಾನೆಯಲ್ಲಿ ಚೀಟಿ ಕೊಡುವುದು ನಿಲ್ಲಿಸುವ ಮೊದಲೇ ರಾಯಚೂರು ಮುಟ್ಟುವ ಒಂದು ಮುಂಜಾನೆಯ ಬಸ್ಸು. ರಾಯಚೂರು ಬಸ್‌ಸ್ಟ್ಯಾಂಡಿನವರೆಗೂ ನಮ್ಮ ಹೆಣ್ಣುಮಕ್ಕಳ ಜೊತೆ ಇಬ್ಬರಲ್ಲಿ ಯಾರಾದರೂ ಒಬ್ಬ ದೇವತೆ. ಇಷ್ಟು ನಡೆಸಿಕೊಟ್ಟರೆ ತಾಳ್ಮೆಯ ಮುಂದಿನ ಪಾಠಗಳನ್ನು ನಿಮಗೇ ಬಿಟ್ಟುಕೊಡುತ್ತೇವೆ. ನಮ್ಮದು ಕಲಿತಾಗಿದೆ.

ಇಂತಿ,
ಕೂತಲ್ಲೇ ಪರದೇಶಿಯಾದ
ವಡ್ಡೆಪಲ್ಲಿಯ ಒಬ್ಬ ಪ್ರಯಾಣಿಕ