ಕೆಂಪು ಬಾಳೆಯೂ ಮನೆಯ ಆಯವ್ಯಯವೂ
2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಗೆ ತಿಂಗಳ ಆಯವ್ಯಯದಲ್ಲಿ ಅಗ್ರಾಸನವನ್ನೂ ಜೋಳಕ್ಕೆ ಅದರ ಪಕ್ಕದ ಪೀಠವನ್ನೂ ಕೊಟ್ಟ ಮೇಲೆ ಉಳಿಯುವ ಚಿಲ್ಲರೆಯಲ್ಲಿ ಕೇಕಿನಂಥ ವಿಲಾಸಕ್ಕೆ ಎಡೆಯಿಲ್ಲವೆಂದು ನಿಶ್ಚಯಿಸಿಯೇ ಕಲಬುರಗಿಯ ಸೂಪರ್ ಮಾರ್ಕೆಟ್ಟಿಗೆ ಹೊರಟಿದ್ದೆನಾದರೂ, ಕಮಲಾಪುರದ ಕೆಂಪು ಬಾಳೆ ಕಣ್ಣಿಗೆ ಬಿದ್ದೊಡನೆ ಆ ನಿಶ್ಚಯವು ಸಡಿಲವಾಯಿತು. "ಭಾಳ ತುಟ್ಟಿ ಆಯ್ತಲ್ರೀ" ಎಂದರೆ, "ಕಮಲಾಪುರದ್ದು ಅದ್ರೀ ಅಕ್ಕಾರ, ಸುಮ್ನೇನ್ರೀ?" ಎಂಬ ಹಣ್ಣಿನವನ ವಾದಕ್ಕೆ ಪ್ರತಿವಾದವೆಲ್ಲಿ? ಓವನ್ ಇಲ್ಲದ ಮನೆಯಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ರಬ್ಬರನ್ನೂ ಸೀಟಿಯನ್ನೂ ಕಳಚಿ, ಕಿವುಚಿದ ಹಣ್ಣು, ರವೆ, ಬೆಲ್ಲ, ಮೊಸರು, ಚಿಟಿಕೆ ಸೋಡಾಗಳ ಮಿಶ್ರಣವನ್ನು ಪಾತ್ರೆಸಮೇತ ಮಂದಾಗ್ನಿಗೆ ಒಪ್ಪಿಸಿದರೆ ಮುಕ್ಕಾಲು ಗಂಟೆಯಲ್ಲಿ ಕೇಕು ಅವತರಿಸುತ್ತದೆ. ಖರ್ಚನ್ನು 'ಆರೋಗ್ಯ' ಎಂಬ ಶೀರ್ಷಿಕೆಯಡಿ ಬರೆದಿದ್ದೇನೆ. ಎರಡನೆಯ ತುಂಡಿಗೆ ಕೈಚಾಚಿದ ಯಜಮಾನರು ಲೆಕ್ಕಪರಿಶೋಧನೆಯ ಅಧಿಕಾರವನ್ನು ತಾವಾಗಿಯೇ ಕಳೆದುಕೊಂಡಿದ್ದಾರೆ.