ಬೀರುಮಣಿದರ್ಪಣಂ

ಪೀಠಿಕೆ

ಸರ್ಕಾರಿ ಪ್ರೌಢಶಾಲೆಯಲ್ಲಿ ಗ್ರಂಥಾಲಯ ಉಂಟೋ ಇಲ್ಲವೋ ಎಂಬ ವಿಷಯದಲ್ಲಿ ಪಂಡಿತರದು ಎರಡು ಪಕ್ಷ. ಉಂಟೆನ್ನುವವರು ದಾಸ್ತಾನು ವಹಿಯನ್ನು ಬಿಚ್ಚಿ ತೋರಿಸುತ್ತಾರೆ. ಇಲ್ಲವೆನ್ನುವವರು ಮಕ್ಕಳನ್ನೇ ಕರೆದು ಕೇಳಿ ಎನ್ನುತ್ತಾರೆ. ಮೊದಲನೆಯದು ಶಬ್ದಪ್ರಮಾಣ, ಎರಡನೆಯದು ಪ್ರತ್ಯಕ್ಷಪ್ರಮಾಣ. ಆಡಿಟ್ಟಿನ ಮುಂದೆ ಪ್ರತ್ಯಕ್ಷ ನಿಲ್ಲದು. ಆದ್ದರಿಂದ ಗ್ರಂಥಾಲಯ ಉಂಟು. ಅದರ ನೆಲೆ ಸ್ಟಾಫ್ ರೂಮಿನ ಮೂಲೆ, ರೂಪ ಕಬ್ಬಿಣದ ಬೀರು.

ಪೂರ್ವಪಕ್ಷ

ಎಸ್. ಆರ್. ರಂಗನಾಥನ್ ಎಂಬ ಆಚಾರ್ಯರು ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕಟ್ಟಿದರು. ಪುಸ್ತಕವಿರುವುದು ಬಳಸುವುದಕ್ಕೆ, ಓದುವವನ ಹೊತ್ತನ್ನು ಹಾಳು ಮಾಡಬಾರದು ಎಂಬಂಥ ಮಾತುಗಳು ಅವುಗಳಲ್ಲಿವೆ. ಆ ಶಾಸ್ತ್ರವನ್ನು ಕಲಿಸಲೆಂದು 1962ರಲ್ಲಿ ಬೆಂಗಳೂರಿನಲ್ಲಿ ಒಂದು ಕೇಂದ್ರವನ್ನೂ ತೆರೆದು, 1972ರಲ್ಲಿ ಅದೇ ಊರಿನಲ್ಲಿ ಕಾಲವಾದರು. ಹಿರಿಯರ ಬಗ್ಗೆ ನಮಗೆ ಗೌರವವಿದೆ. ಆದರೆ ಪ್ರೌಢಶಾಲೆಯ ಬೀರುವಿನ ಚಾರ್ಜು ವಹಿಸಿಕೊಂಡವರ ಸಂಕಟ ಅವರ ಸೂತ್ರಗಳಲ್ಲಿ ಕಾಣುವುದಿಲ್ಲ. ಆದಕಾರಣ 13ನೇ ಶತಮಾನದ ವೈಯಾಕರಣ ಕೇಶಿರಾಜನ ಕ್ರಮದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳೊಡನೆ ಹೊಸ ಶಾಸ್ತ್ರವನ್ನು ನಿರೂಪಿಸುತ್ತೇವೆ.

ಸೂತ್ರ 1: ಪುಸ್ತಕಕ್ಕೆ ಬೀರು ಪರವಾದಾಗ ಓದುಗನು ಲೋಪವಾಗುವನು.

ವೃತ್ತಿ: ಬೀರುವಿನ ಕೀಲಿಕೈ ಡ್ರಿಲ್ ಮೇಷ್ಟರ ವಶದಲ್ಲಿರುತ್ತದೆ. ಕಳೆದ ಪುಸ್ತಕದ ಲೆಕ್ಕ ಅವರು ಕೊಡಬೇಕು. ಓದದ ಪುಸ್ತಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಗ್ರಂಥಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರು. ಆ ಪದ್ಧತಿಯಲ್ಲೊಂದು ದೋಷವಿತ್ತು. ಸರಪಳಿಯ ಪಕ್ಕದಲ್ಲೇ ಕುಳಿತು ಓದಬಹುದಾಗಿತ್ತು. ಬೀರುವಿನಲ್ಲಿ ಆ ದೋಷವಿಲ್ಲ. ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಅಂಕೆ ಸಲ್ಲುತ್ತದೆ. ನಮ್ಮಲ್ಲಿ ವರ್ಗಗಳು ಮೂರೇ: ದಪ್ಪ, ತೆಳು, ಬಹುಮಾನಕ್ಕೆ ಎತ್ತಿಟ್ಟದ್ದು.

ಪ್ರಯೋಗ: ಬಾಗಿಲು ಎಳೆದರೆ ಮೊದಲು ನುಸಿಗುಳಿಗೆಯ ವಾಸನೆ. ಮೇಲಿನ ಅರೆಯಲ್ಲಿ ವಾರ್ಷಿಕೋತ್ಸವದ ರಟ್ಟಿನ ಕಿರೀಟ, ಸೀಮೆಸುಣ್ಣದ ಡಬ್ಬಿ, ಗಾಳಿಯಿಲ್ಲದ ವಾಲಿಬಾಲು. ಕೆಳಗೆ ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’. ಅದರ ಒಂದು ಸಂಪುಟ ಅಲುಗಾಡುವ ಮೇಜಿನ ಕಾಲಡಿ ಸೇರಿರುವುದರಿಂದ, ಶಾಲೆಯಲ್ಲಿ ನಿಜಕ್ಕೂ ಬಳಕೆಯಲ್ಲಿರುವ ಗ್ರಂಥ ಅದೊಂದೇ ಎನ್ನಬೇಕು. ವೇಳಾಪಟ್ಟಿಯಲ್ಲಿ ಲೈಬ್ರರಿ ಪೀರಿಯಡ್ ಇದೆ. ಎಸ್ಸೆಸ್ಸೆಲ್ಸಿ ಪೋರ್ಷನ್ ಮುಗಿದಿಲ್ಲವೆಂದು ಗಣಿತದ ಮೇಷ್ಟರು ಅದನ್ನು ತೆಗೆದುಕೊಳ್ಳುತ್ತಾರೆ. ಗಣಿತದವರೇ ಹುಟ್ಟುಹಾಕಿದ ಶಾಸ್ತ್ರವಾದ್ದರಿಂದ ಇದರಲ್ಲಿ ತಪ್ಪೇನೂ ಇಲ್ಲ.

ಸೂತ್ರ 2: ತಪಾಸಣೆ ಪರವಾದಾಗ ಓದುಗನು ಹೊಸದಾಗಿ ಆಗಮವಾಗುವನು.

ವೃತ್ತಿ: ಬಿಇಓ ಸಾಹೇಬರ ಜೀಪು ಗೇಟು ದಾಟುವಷ್ಟರಲ್ಲಿ ಹತ್ತು ಮಕ್ಕಳು, ಹತ್ತು ಪುಸ್ತಕ, ಒಂದು ಚಾಪೆ ತಾವಾಗಿಯೇ ಕೂಡಿಕೊಳ್ಳುತ್ತವೆ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಓದುಗನು ಮತ್ತೆ ಲೋಪವಾಗುತ್ತಾನೆ.

ಪ್ರಯೋಗ: “ಲೇ, ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೀಯಲ್ಲೋ!” “ಪುಟ ತಿರುಗಿಸ್ಬೇಡಿ ಅಂತ ನೀವೇ ಹೇಳಿದ್ರಿ, ಸಾರ್.”

ಸೂತ್ರ 3: ಆನ್‌ಲೈನ್ ಪರವಾದಾಗ ಬೀಗದ ಸ್ಥಾನಕ್ಕೆ ಒಟಿಪಿ ಆದೇಶವಾಗಿ ಬರುವುದು.

ವೃತ್ತಿ: ಆಧುನಿಕರು ಬೀರುವಿನ ಕಾಲ ಮುಗಿಯಿತೆಂದು ಸಾರಿದ್ದರು. 2017ರಲ್ಲಿ ದೀಕ್ಷಾ ಎಂಬ ಕಲಿಕಾ ಜಾಲತಾಣ ಬಂತು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡು ಮೂಡಿತು. ಐಐಟಿ ಖರಗ್‌ಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಲೋಕಾರ್ಪಣೆಯಾಯಿತು. ಇಷ್ಟಾದರೂ ಶಾಸ್ತ್ರಕ್ಕೆ ಭಂಗವಿಲ್ಲ. ಶಾಲೆಗೆ ಮೊಬೈಲು ತರಕೂಡದು, ಆದ್ದರಿಂದ ಕೋಡನ್ನು ಮನೆಯಲ್ಲಿ ಸ್ಕ್ಯಾನ್ ಮಾಡಬೇಕು. ಮನೆಯ ಮೊಬೈಲು ರಾತ್ರಿ ಎಂಟಕ್ಕೆ ಅಪ್ಪನ ಜೇಬಿನಲ್ಲಿ ಬರುತ್ತದೆ. ಆಗ ಚಾರ್ಜೂ ಇರದು, ಡೇಟಾವೂ ಇರದು. ಕಂಪ್ಯೂಟರ್ ಕೋಣೆಯಲ್ಲಿ ಕರೆಂಟಿದ್ದಾಗ ನೆಟ್ಟಿಲ್ಲ, ನೆಟ್ಟಿದ್ದಾಗ ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ಎರಡೂ ಇದ್ದ ಅಪರೂಪದ ಮುಹೂರ್ತದಲ್ಲಿ ಒಟಿಪಿ ಕೈಕೊಡುತ್ತದೆ. ಅದು ಹೋಗುವುದು ವರ್ಗವಾಗಿ ಹೋದ ಹಿಂದಿನ ಹೆಡ್‌ಮಾಸ್ತರರ ನಂಬರಿಗೆ.

ಪ್ರಯೋಗ: “ಸಾರ್, ನಿಮಗೊಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?” “ಅಯ್ಯೋ, ಯಾರಿಗೂ ಹೇಳ್ಬೇಡಿ ಅಂತ ಅದರಲ್ಲೇ ಬರೆದಿತ್ತು ಕಣಪ್ಪ, ಅಳಿಸಿಬಿಟ್ಟೆ.”

ಸೂತ್ರ 4: ಕೆಲವೆಡೆ ಈ ಯಾವ ಕಾರ್ಯವೂ ನಡೆಯದು, ಅದು ಪ್ರಕೃತಿಭಾವ.

ವೃತ್ತಿ: ಶಾಸ್ತ್ರಕ್ಕೆ ಕಂಟಕವಾದ ಭಾಗವಿದು. ಬೀರುವಿನ ಎಡಬಾಗಿಲಿನ ಕೆಳಗಿನ ತಿರುಗಣಿ ಕಿತ್ತುಹೋಗಿದ್ದು, ಒಂಬತ್ತನೇ ಕ್ಲಾಸಿನ ಹುಡುಗಿಯ ಕೈ ತೂರುವಷ್ಟು ಸಂದಿಯಿದೆ. ತೇಜಸ್ವಿಯವರ ‘ಕರ್ವಾಲೊ’ ವಿತರಣಾ ವಹಿಯ ಪ್ರಕಾರ ಒಮ್ಮೆಯೂ ಹೊರಗೆ ಹೋಗಿಲ್ಲ. ಪುಸ್ತಕವನ್ನು ನೋಡಿದರೆ ಹೊಲಿಗೆ ಬಿಚ್ಚಿದೆ, ಮೂಲೆಗಳು ಮಡಚಿಕೊಂಡಿವೆ, ಹಾರುವ ಓತಿಯ ಬೆನ್ನಟ್ಟುವ ಪುಟಗಳಲ್ಲಿ ಹುಣಸೆಹಣ್ಣಿನ ಕಲೆ. ಆನ್‌ಲೈನಿನಲ್ಲೂ ಇಂಥದೇ ಸಂದಿಯಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳನ್ನು ಓದಲು ಲಾಗಿನ್ ಬೇಡ, ದುಡ್ಡೂ ಬೇಡ. ಹೆಡ್‌ಮಾಸ್ತರರ ಅನುಮತಿಯಿಲ್ಲದೆ ಮಗುವೊಂದು ಕಥೆಯ ಕೊನೆ ಮುಟ್ಟಬಹುದೆಂಬುದು ಆಡಳಿತದ ದೃಷ್ಟಿಯಿಂದ ಕಳವಳಕಾರಿ.

ಸಿದ್ಧಾಂತ ಮತ್ತು ಶಿಫಾರಸು

ಮೇಲ್ಕಂಡ ಚರ್ಚೆಯಿಂದ ಎರಡು ಸಂಗತಿ ಸಿದ್ಧವಾಗುತ್ತವೆ. ಓದು ನಡೆದಲ್ಲಿ ದಾಖಲೆಯಿಲ್ಲ. ದಾಖಲೆಯಿದ್ದಲ್ಲಿ ಓದು ನಡೆದಿಲ್ಲ. ಈ ವೈರುಧ್ಯವನ್ನು ಕೂಡಲೇ ನಿವಾರಿಸಲು ತಿರುಗಣಿಗೆ ಬೆಸುಗೆ ಹಾಕಿಸಬೇಕೆಂದು ಶಿಫಾರಸು ಮಾಡುತ್ತೇವೆ. ಅದಕ್ಕೆ ಎಸ್‌ಡಿಎಂಸಿ ಠರಾವು, ಮೂರು ಕೊಟೇಶನ್, ಅನುದಾನ ಬಿಡುಗಡೆ ಎಲ್ಲ ಆಗಬೇಕು. ಅಷ್ಟರೊಳಗೆ ಆ ಹುಡುಗಿ ಕೆಳಗಿನ ಅರೆಯಲ್ಲಿರುವ ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನೂ ಓದಿ ಮುಗಿಸುವ ಅಪಾಯವಿದೆ ಎಂಬುದನ್ನು ಸಂಬಂಧಪಟ್ಟವರು ಗಮನಿಸತಕ್ಕದ್ದು.